ಶಾಲೆಯ ಬೀರುವಿನಲ್ಲಿ ಯಾರ ಕಥೆಗಳಿವೆ?

ಗಣಿತದ ಮೇಷ್ಟರೊಬ್ಬರು ಗ್ರಂಥಪಾಲರಾಗಿ ಜಗತ್ಪ್ರಸಿದ್ಧರಾದರೆಂದರೆ ಆಶ್ಚರ್ಯವಾಗಬಹುದು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಬಾಳಿನ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ತೀರಿಕೊಂಡರು. 1931ರಲ್ಲಿ ಅವರು ಗ್ರಂಥಾಲಯಗಳಿಗೆಂದು ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವಿರುವುದು ಬಳಸುವುದಕ್ಕೆ ಎಂಬುದು ಮೊದಲನೆಯದು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಎರಡನೆಯದು.

ಈ ಎರಡನೆಯ ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಶಾಲೆಯ ಪುಸ್ತಕದ ಬೀರುವಿನ ಮುಂದೆ ನಿಂತರೆ ಸ್ವಲ್ಪ ಮುಜುಗರವಾಗುತ್ತದೆ. ನಮ್ಮ ನಾಡಿನ ತರಗತಿಗಳಲ್ಲಿ ಕುಳಿತಿರುವವರು ಯಾರು? ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಉರ್ದು, ಲಂಬಾಣಿ, ತೆಲುಗು, ಮರಾಠಿ ಆಡುವ ಮಕ್ಕಳಿದ್ದಾರೆ. ನೇಕಾರರ, ಮೀನುಗಾರರ, ಪೌರಕಾರ್ಮಿಕರ, ಕಾಫಿ ತೋಟದ ಕೂಲಿಯವರ ಮಕ್ಕಳಿದ್ದಾರೆ. ಮನೆತನದಲ್ಲಿ ಮೊದಲು ಅಕ್ಷರ ಕಲಿತವರಿದ್ದಾರೆ. ಇವರಲ್ಲಿ ಎಷ್ಟು ಮಂದಿಗೆ ಆ ಬೀರುವಿನಲ್ಲಿ ತಮ್ಮ ಮನೆಯಂಥ ಒಂದು ಮನೆ, ತಮ್ಮ ಅಮ್ಮನಂಥ ಒಬ್ಬ ಅಮ್ಮ ಸಿಗುತ್ತಾರೆ? ಯಾವ ಪುಸ್ತಕದಲ್ಲೂ ತನ್ನಂಥವರು ಕಾಣದ ಮಗು, ಪುಸ್ತಕವೆಂಬುದು ಬೇರೆಯವರ ಸೊತ್ತು ಎಂದು ತೀರ್ಮಾನಿಸಿಬಿಡುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಓದುವುದನ್ನು ಬಿಡುತ್ತದೆ, ಅಷ್ಟೆ.

ಪುಸ್ತಕಗಳು ಹೇಗೆ ಬರುತ್ತವೆ ಎಂಬುದನ್ನು ಬಲ್ಲವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಮಾರ್ಚ್ ತಿಂಗಳು ಮುಗಿಯುವುದರೊಳಗೆ ಅನುದಾನ ಖರ್ಚಾಗಬೇಕು. ಹೆಚ್ಚು ರಿಯಾಯಿತಿ ಕೊಡುವವರಿಂದ ಒಂದು ಕಟ್ಟು ಬರುತ್ತದೆ. ಬಿಚ್ಚಿ ನೋಡಿದರೆ ಮೂವರು ಪ್ರಕಾಶಕರ ಪಂಚತಂತ್ರ, ನಾಲ್ಕು ಬಗೆಯ ತೆನಾಲಿ ರಾಮ, ಪ್ರಬಂಧಮಾಲೆ, ಸಾಮಾನ್ಯ ಜ್ಞಾನ. ಪಂಚತಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಮೂರು ಪ್ರತಿಗಳ ಜಾಗದಲ್ಲಿ ಮೂರು ಪುಸ್ತಕಗಳಿರಬಹುದಿತ್ತು ಎಂಬುದಷ್ಟೇ ನನ್ನ ತಕರಾರು.

ವಿಜ್ಞಾನದ ಮೇಷ್ಟರಾದ ನನಗೆ ಎಣಿಸದೆ ಮಾತನಾಡುವುದು ಒಗ್ಗದು. ವಿದ್ಯಾರ್ಥಿಗಳೇ, ನೀವೇ ಈ ಪ್ರಯೋಗ ಮಾಡಿ. ನಿಮ್ಮ ಶಾಲೆಯ ಬೀರುವಿನಿಂದ ಆರಿಸದೆ ಐವತ್ತು ಕಥೆಪುಸ್ತಕ ತೆಗೆಯಿರಿ. ಕಥೆಯ ಮುಖ್ಯ ಪಾತ್ರ ಹುಡುಗನೋ ಹುಡುಗಿಯೋ, ಊರು ಎಂಥದು, ಮನೆಯವರ ಕಸುಬು ಏನು, ಆಡುವ ಕನ್ನಡ ಯಾವ ಸೀಮೆಯದು ಎಂದು ಕಾಗದದ ಮೇಲೆ ಅಂಕಣ ಹಾಕಿ ಬರೆಯಿರಿ. ಆಮೇಲೆ ಇಶ್ಯೂ ರಿಜಿಸ್ಟರ್ ತೆರೆದು, ವರ್ಷದಲ್ಲಿ ಒಮ್ಮೆಯೂ ಪುಸ್ತಕ ಒಯ್ಯದ ಸಹಪಾಠಿಗಳು ಯಾರೆಂದು ನೋಡಿ. ಅವರನ್ನು ಗದರಿಸಬೇಡಿ, ಏನು ಓದಲು ಇಷ್ಟ ಎಂದು ಕೇಳಿ. ನಾನು ಮಕ್ಕಳಿಂದ ಇದನ್ನು ಮಾಡಿಸಿದಾಗ ರಾಜರು, ವ್ಯಾಪಾರಿಗಳು, ನರಿಗಳು ಧಾರಾಳವಾಗಿ ಸಿಕ್ಕರು. ಬಸ್ ಕಂಡಕ್ಟರ್ ಒಬ್ಬರೂ ಸಿಗಲಿಲ್ಲ. ಹುಡುಗಿಯರು ಬಹುಪಾಲು ರಾಜಕುಮಾರಿಯರೇ.

ವಿಜ್ಞಾನಿಗಳ ಜೀವನಚರಿತ್ರೆಯ ಸಾಲೂ ಇದಕ್ಕೆ ಹೊರತಲ್ಲ. ನ್ಯೂಟನ್, ಎಡಿಸನ್, ರಾಮನ್ ಇರಲೇಬೇಕು. ಆದರೆ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಲು ಬಂದ ಕಮಲಾ ಸೊಹೊನಿಯವರನ್ನು ಹೆಣ್ಣೆಂಬ ಕಾರಣಕ್ಕೆ ಅದೇ ರಾಮನ್ ಮೊದಲು ಸೇರಿಸಿಕೊಳ್ಳಲಿಲ್ಲ. ಅವರು ಪಟ್ಟುಹಿಡಿದು ಸೇರಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಈ ಕಥೆ ಬೀರುವಿನಲ್ಲಿದ್ದರೆ ರಾಮನ್ ಅವರ ಪುಸ್ತಕ ಓದುವ ಹುಡುಗಿಗೂ ಲಾಭ, ಹುಡುಗನಿಗೂ ಲಾಭ.

ವೈವಿಧ್ಯವೆಂದರೆ ಹಳೆಯದನ್ನು ಗುಜರಿಗೆ ಹಾಕುವುದಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಇಲ್ಲದೆ ಕನ್ನಡದ ಮಗುವಿಗೆ ನಾಲಿಗೆಯೇ ತಿರುಗದು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ಮೂಲ ಜರ್ಮನಿಯ ಹ್ಯಾಮಲಿನ್ ಊರಿನ ಕಥೆ. ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯದ ಮೂಲಕ ನಮ್ಮಲ್ಲಿಗೆ ಬಂದು ಅಪ್ಪಟ ಕನ್ನಡದ್ದಾಯಿತು. ಹೊರಗಿನದೂ ಒಳಗಿನದೂ ಹೀಗೆ ಬೆರೆತೇ ಬೆಳೆದಿವೆ.

ಇನ್ನೊಂದು ಅತಿರೇಕವೂ ಉಂಟು. ಅಂಗವಿಕಲ ಮಗು ಕಥೆಯಲ್ಲಿ ಬರುವುದೇ ಉಳಿದವರ ಕನಿಕರಕ್ಕೆ ಪಾತ್ರವಾಗಲು ಎಂಬಂಥ ಪುಸ್ತಕಗಳು. ಮಕ್ಕಳು ಉಪದೇಶದ ವಾಸನೆಯನ್ನು ದೂರದಿಂದಲೇ ಹಿಡಿಯುತ್ತಾರೆ. ಜಪಾನಿನ ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಪ್ರಕಟಿಸಿದ 'ತೊತ್ತೋಚಾನ್' ಕನ್ನಡದಲ್ಲೂ ಇದೆ. ಅದರಲ್ಲಿ ಪುಟ್ಟ ಹುಡುಗಿಯೊಬ್ಬಳು ಪೋಲಿಯೋ ಪೀಡಿತ ಗೆಳೆಯನನ್ನು ತನ್ನ ಮರಕ್ಕೆ ಆಹ್ವಾನಿಸಿ, ಏಣಿ ತಂದು, ಬೆವರಿಳಿಸಿಕೊಂಡು ಹತ್ತಿಸುತ್ತಾಳೆ. ನೀತಿಪಾಠವೇನೂ ಇಲ್ಲ. ಮರದ ಮೇಲೆ ಕೂತು ಇಬ್ಬರೂ ಹರಟುತ್ತಾರೆ.

ಹಣವೆಲ್ಲಿ ಎನ್ನುತ್ತೀರಾ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕೆನ್ನುತ್ತದೆ. ಕಥೆಪುಸ್ತಕಗಳನ್ನು ಹೆಸರಿಸಿಯೇ ಹೇಳುತ್ತದೆ. 2018ರ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಹಂತಕ್ಕನುಗುಣವಾಗಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ ಗೊತ್ತುಮಾಡಲಾಯಿತು. ದೊಡ್ಡ ಮೊತ್ತವಲ್ಲ, ಆದರೆ ನ್ಯಾಷನಲ್ ಬುಕ್ ಟ್ರಸ್ಟ್‌ನಂಥವರ ಮಕ್ಕಳ ಪುಸ್ತಕಗಳ ಬೆಲೆಗೆ ಸಾಕಷ್ಟು ಬರುತ್ತದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಅಂತರಜಾಲ ತಾಣದಿಂದ ಕನ್ನಡ ಕಥೆಗಳನ್ನು ಉಚಿತವಾಗಿ ಮುದ್ರಿಸಿಕೊಳ್ಳಬಹುದು.

ಕೊಂಡರೂ ಸಿಗದಿರುವುದನ್ನು ಶಾಲೆಯಲ್ಲೇ ಮಾಡಬೇಕು. ಅಜ್ಜಿಯ ಬಾಯಿಂದ ಕೇಳಿದ ಲಂಬಾಣಿ ಕಥೆಯನ್ನು ಮಗು ಕನ್ನಡ ಲಿಪಿಯಲ್ಲಿ ಅದೇ ಭಾಷೆಯಲ್ಲಿ ಬರೆಯಲಿ, ಎದುರು ಪುಟದಲ್ಲಿ ಕನ್ನಡದಲ್ಲೂ ಬರೆಯಲಿ. ಹೊಲಿದು ರಟ್ಟು ಹಾಕಿ, ಸ್ಟಾಕ್ ರಿಜಿಸ್ಟರಿನಲ್ಲಿ ಅದಕ್ಕೂ ಒಂದು ಸಂಖ್ಯೆ ಕೊಡಿ. ಸಂಖ್ಯೆ ಬಿದ್ದ ಮೇಲೆ ಅದು ಪುಸ್ತಕವೇ.

ಪಾಲಕರಿಗೆ ಒಂದು ಮಾತು. ಕಥೆಪುಸ್ತಕದಿಂದ ಮಾರ್ಕ್ಸ್ ಬರುತ್ತದೆಯೇ ಎಂದು ಕೇಳುತ್ತೀರಿ. ಪ್ರಶ್ನೆಯನ್ನು ಸರಿಯಾಗಿ ಓದಿ ಅರ್ಥಮಾಡಿಕೊಳ್ಳದೆ ನನ್ನ ವಿಷಯದಲ್ಲಿ ಮಾರ್ಕ್ಸ್ ಕಳೆದುಕೊಳ್ಳುವವರನ್ನು ಪ್ರತಿವರ್ಷ ನೋಡುತ್ತೇನೆ. ಮುಂದಿನ ಪೋಷಕರ ಸಭೆಗೆ ಬಂದಾಗ ಪ್ರೋಗ್ರೆಸ್ ಕಾರ್ಡ್ ನೋಡಿದ ಮೇಲೆ ಬೀರುವನ್ನೂ ನೋಡಿ. ಬೀಗ ಹಾಕಿದ್ದರೆ ಕೀಲಿ ಕೇಳಿ. ಮಗುವಿನ ಹುಟ್ಟುಹಬ್ಬಕ್ಕೆ ಚಾಕಲೇಟಿನ ಬದಲು ಶಾಲೆಗೊಂದು ಪುಸ್ತಕ ಕೊಡುವ ಮನಸ್ಸಿದ್ದರೆ, ಅಂಗಡಿಗೆ ಹೋಗುವ ಮೊದಲು ಮಕ್ಕಳು ಎಣಿಸಿ ಬರೆದ ಆ ಕಾಗದದಲ್ಲಿ ಯಾವ ಅಂಕಣ ಖಾಲಿ ಇದೆ ಎಂದು ನೋಡಿಕೊಂಡು ಹೋಗಿ.