ಗಾಜಿನ ಮೀನುತೊಟ್ಟಿಯ ಗಿಡಗಳಿಗೆ ಇಂಗಾಲಾಮ್ಲ ವಾಯುವನ್ನು ಕೊಡುವ ಕ್ರಮ

ಈಚಿನ ವರ್ಷಗಳಲ್ಲಿ ಗ್ರಾಮಗಳ ಅನುಕೂಲಸ್ಥರ ಮನೆಗಳಲ್ಲಿಯೂ ಗಾಜಿನ ಮೀನುತೊಟ್ಟಿಗಳು ಕಾಣಬರುತ್ತಿವೆ. ಮೊದಲು ಬರಿಯ ಮೀನುಗಳನ್ನು ಮಾತ್ರ ಸಾಕುತ್ತಿದ್ದವರು ಈಗ ತೊಟ್ಟಿಯ ತಳದಲ್ಲಿ ಮಣ್ಣು ಮರಳುಗಳನ್ನು ಹರಡಿ ಜಲಸಸ್ಯಗಳನ್ನು ನೆಡಲಾರಂಭಿಸಿದ್ದಾರೆ. ನೆಟ್ಟ ಗಿಡಗಳು ಹದಿನೈದು ದಿವಸ ಸೊಗಸಾಗಿದ್ದು, ಆಮೇಲೆ ಎಲೆಗಳು ಕರಗಿ, ಕಾಂಡಗಳು ಸಣಕಲಾಗಿ, ಎಲ್ಲದರ ಮೇಲೂ ಪಾಚಿ ಹಬ್ಬುವುದು. ಅಂಗಡಿಯವರನ್ನು ಕೇಳಿದರೆ ಇಂಗಾಲಾಮ್ಲ ವಾಯುವಿನ ಸಿಲಿಂಡರನ್ನು ಕೊಂಡುಕೊಳ್ಳಿರೆಂದು ಹೇಳುವರು. ಹಾಗೆ ಕೊಂಡವರಲ್ಲಿ ಕೆಲವರು, ಗಿಡಗಳು ಚಿಗುರಿದ ಸಂತೋಷದಲ್ಲಿರುವಾಗಲೇ, ಒಂದು ಬೆಳಗ್ಗೆ ಮೀನುಗಳೆಲ್ಲಾ ಸತ್ತು ತೇಲುತ್ತಿರುವುದನ್ನು ಕಂಡು, ಇದಕ್ಕೆ ಕಾರಣವೇನೆಂದು ನಮ್ಮನ್ನು ವಿಚಾರಿಸುತ್ತಾರೆ. ಇಂಥಾ ವಿನೋದದ ವಿಷಯಕ್ಕೂ ಬೇಸಾಯಕ್ಕೂ ಏನು ಸಂಬಂಧವೆಂದು ಕೆಲವರು ನಗಬಹುದು. ಆದರೆ ತೊಟ್ಟಿಯು ಮೂರು ಅಡಿಯದಾದರೂ ಅದರೊಳಗೆ ನಡೆಯತಕ್ಕದ್ದು ಬೇಸಾಯವೇ. ಮತ್ತು ಕೆರೆಯ ಮೀನುಗಳು ಸಾಯುವ ಕಾರಣವೂ ಇದರಿಂದಲೇ ವಿಶದವಾಗುವುದು.

ಈಗಿನ ಶಾಲಾಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡ್ ಎಂದು ಕರೆಯಲ್ಪಡುವ ಈ ವಾಯುವು ರೈತರಿಗೆ ಅಪರಿಚಿತವಾದುದಲ್ಲ. ಗೋಲಿಸೋಡದ ಬಾಟಲಿನಿಂದ ಭುಸ್ಸೆಂದು ಹೊರಡುವುದು ಇದೇ. ಹಿಂದೆ ಧಾನ್ಯವನ್ನು ಹಗೇವುಗಳಲ್ಲಿ ತುಂಬಿಡುತ್ತಿದ್ದಾಗ, ಬಾಯಿಯನ್ನು ತೆಗೆದೊಡನೆ ಯಾರನ್ನೂ ಒಳಕ್ಕೆ ಇಳಿಸದೆ, ಮೊದಲು ದೀಪವನ್ನು ಇಳಿಬಿಟ್ಟು, ಅದು ಆರಿಹೋದರೆ ಹಗೇವನ್ನು ಇನ್ನೂ ತೆರೆದಿಡುತ್ತಿದ್ದರಷ್ಟೆ. ಒಳಗಿನ ಧಾನ್ಯವು ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಈ ವಾಯುವನ್ನು ತುಂಬಿರುತ್ತಿತ್ತು. ಇದು ಗಾಳಿಗಿಂತ ಭಾರವಾದುದರಿಂದ ತಳದಲ್ಲಿಯೇ ನಿಲ್ಲುವುದು. ಮನುಷ್ಯನಿಗೆ ಹೀಗೆ ಮಾರಕವಾದ ಪದಾರ್ಥವೇ ಸಸ್ಯಗಳಿಗೆ ಮುಖ್ಯಾಹಾರ. ಒಣಗಿಸಿದ ಗಿಡದ ತೂಕದಲ್ಲಿ ನೂರಕ್ಕೆ ಸುಮಾರು 40ರಿಂದ 45 ಪಾಲು ಇಂಗಾಲವೇ ಆಗಿದ್ದು, ಅದೆಲ್ಲವೂ ಹೆಚ್ಚುಕಡಮೆ ಈ ವಾಯುವಿನಿಂದಲೇ ಬಂದುದು. ಈ ಸಂಗತಿಯು ಮೊದಲು ಗೊತ್ತಾದುದು ನೀರಿನಲ್ಲಿ ಮುಳುಗಿಸಿದ ಎಲೆಗಳಿಂದಲೇ ಎಂಬುದು ಸ್ವಾರಸ್ಯಕರವಾಗಿದೆ. 1779ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ ವೈದ್ಯನು, ನೀರಿನೊಳಗಣ ಎಲೆಗಳು ಬೆಳಕಿನಲ್ಲಿ ಮಾತ್ರ ಒಳ್ಳೆಯ ವಾಯುವಿನ ಗುಳ್ಳೆಗಳನ್ನು ಬಿಡುತ್ತವೆಂದೂ ಕತ್ತಲಲ್ಲಿ ಬಿಡುವುದಿಲ್ಲವೆಂದೂ ತೋರಿಸಿದನು. 1782ರಲ್ಲಿ ಜಿನೀವದ ಸೆನೆಬಿಯೆ ಎಂಬಾತನು, ಆ ನೀರಿನಲ್ಲಿ ಇಂಗಾಲಾಮ್ಲವು ಕರಗಿದ್ದರೇ ಗುಳ್ಳೆಗಳು ಹುಟ್ಟುವುವೆಂದು ತಿಳಿಯಪಡಿಸಿದನು.

ಹಾಗಾದರೆ ತೊಟ್ಟಿಯ ಗಿಡವು ಏಕೆ ಹಸಿಯುವುದು? ಗಾಳಿಯೊಡನೆ ಸಮತೂಕದಲ್ಲಿರುವ ನೀರಿನಲ್ಲಿ, ಲೀಟರಿಗೆ ಅರ್ಧ ಮಿಲಿಗ್ರಾಮಿಗಿಂತ ತುಸು ಹೆಚ್ಚಾಗಿ ಮಾತ್ರ ಈ ವಾಯುವು ಕರಗಿರುವುದು. ಅದಕ್ಕಿಂತಲೂ ದೊಡ್ಡ ತೊಡಕು ಮತ್ತೊಂದುಂಟು. ಗಾಳಿಯಲ್ಲಿ ಈ ವಾಯುವು ಹರಡುವ ವೇಗಕ್ಕೆ ಹೋಲಿಸಿದರೆ ನಿಂತ ನೀರಿನಲ್ಲಿ ಅದು ಸುಮಾರು ಹತ್ತು ಸಾವಿರ ಪಾಲು ನಿಧಾನವಾಗಿ ಹರಡುತ್ತದೆ. ಎಲೆಯು ತನ್ನ ಪಕ್ಕದಲ್ಲಿರುವುದನ್ನು ತಿಂದು ಮುಗಿಸಿದರೆ ಹೊಸದು ಬಂದು ಸೇರುವುದಕ್ಕೆ ಬಹಳ ಹೊತ್ತು ಹಿಡಿಯುವುದು.

ಮಲೆನಾಡಿನ ಹಳ್ಳಗಳಲ್ಲಿ ಈ ಕಷ್ಟವಿಲ್ಲ. ಅಲ್ಲಿ ಕೊಳೆತ ಎಲೆಗಳ ನೆಲದೊಳಗಿನಿಂದ ಜಿನುಗಿ ಬರುವ ನೀರು ಮಣ್ಣಿನ ಉಸಿರನ್ನು ಹೊತ್ತು ತರುವುದರಿಂದ ಅದರಲ್ಲಿ ಇಂಗಾಲಾಮ್ಲವು ಅನೇಕ ಪಾಲು ಹೆಚ್ಚಾಗಿರುವುದು. ಅಲ್ಲದೆ ಅಂಗಡಿಗಳಲ್ಲಿ ಜಲಸಸ್ಯಗಳೆಂದು ಮಾರುವುವುಗಳಲ್ಲಿ ಬಹುಪಾಲು ನಿಜವಾಗಿ ಜೌಗಿನ ಗಿಡಗಳು. ಪಶ್ಚಿಮ ಘಟ್ಟಗಳ ಹೊಳೆಯ ಅಂಚುಗಳಲ್ಲಿ ಬೆಳೆಯುವ ಕ್ರಿಪ್ಟೊಕೊರೈನ್ ಜಾತಿಗಳು, ನಮ್ಮ ದೇಶದವೇ ಆದ ರೋಟಾಲ ಜಾತಿಗಳು, ಇವು ನೀರು ಇಳಿದ ತಿಂಗಳುಗಳಲ್ಲಿ ಎಲೆಗಳನ್ನು ಗಾಳಿಗೆ ಚಾಚಿ ಬದುಕತಕ್ಕವು. ವರ್ಷಪೂರ್ತಿ ಮುಳುಗಿಸಿಟ್ಟರೆ ಸೊರಗುವುದು ಆಶ್ಚರ್ಯವಲ್ಲ. ಇದಕ್ಕೆ ವಿರುದ್ಧವಾಗಿ, ನಮ್ಮ ಕೆರೆಗಳಲ್ಲಿ ಬಲೆಯಂತೆ ಹೆಣೆದುಕೊಂಡು ತೊಂದರೆಪಡಿಸುವ ಹೈಡ್ರಿಲ್ಲ ಎಂಬ ಗಿಡವೂ, ಪಟ್ಟಿಯಂಥ ಉದ್ದ ಎಲೆಗಳ ವ್ಯಾಲಿಸ್ನೇರಿಯವೂ, ಗಡಸು ನೀರಿನಲ್ಲಿರುವ ಬೈಕಾರ್ಬೊನೇಟು ಲವಣದಿಂದಲೂ ಇಂಗಾಲವನ್ನು ಸೆಳೆದುಕೊಳ್ಳುವ ಸಾಮರ್ಥ್ಯವುಳ್ಳವು. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರನ್ನು ತುಂಬುವವರು ಇವೆರಡನ್ನು ನೆಟ್ಟುಕೊಂಡರೆ ಸಿಲಿಂಡರಿನ ಖರ್ಚೇ ಬೇಕಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಹತ್ತು ಮನೆಗಳಲ್ಲಿ ಏಳೆಂಟಕ್ಕೆ ಇಷ್ಟೇ ಸಾಕು.

ವಾಯುವನ್ನು ಕೊಡುವುದಕ್ಕೆ ಮುಂಚೆ ದೀಪದ ಕಡೆಗೆ ಲಕ್ಷ್ಯ ಕೊಡತಕ್ಕದ್ದು. ಯಾವ ಪದಾರ್ಥವು ಎಲ್ಲಕ್ಕಿಂತ ಕೊರತೆಯಾಗಿರುವುದೋ ಅದೇ ಬೆಳೆಯ ಮಿತಿಯೆಂದು ಜರ್ಮನಿಯ ಲೀಬಿಗ್ ಪಂಡಿತನು ಗೊಬ್ಬರಗಳ ವಿಷಯದಲ್ಲಿ ಪ್ರಚಾರಪಡಿಸಿದ ನಿಯಮವು ತೊಟ್ಟಿಗೂ ಅನ್ವಯಿಸುವುದು. ಉಜ್ವಲವಾದ ದೀಪವನ್ನು ಹನ್ನೆರಡು ಗಂಟೆ ಉರಿಸಿ ಇಂಗಾಲವನ್ನು ಕೊಡದಿದ್ದರೆ, ಗಿಡವು ಬೆಳಕನ್ನು ಬಳಸಲಾರದು. ಅಲ್ಪದರಲ್ಲೇ ಬದುಕಬಲ್ಲ ಪಾಚಿಯು ಅದನ್ನು ಬಳಸಿಕೊಳ್ಳುವುದು. ಆದಕಾರಣ ಪಾಚಿ ಕಂಡವರು ಮೊದಲು ದೀಪವನ್ನು ಆರೇಳು ಗಂಟೆಗಳಿಗೆ ಇಳಿಸಿ, ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯಿಂದ ದೂರವಿಟ್ಟು, ಒಂದು ತಿಂಗಳು ನೋಡಬೇಕು. ಇಷ್ಟಾದರೂ ಕೆಂಪೆಲೆಯ ರೋಟಾಲ ಮುಂತಾದ ಗಿಡಗಳನ್ನೇ ಬೆಳೆಸಬೇಕೆಂಬ ಆಶೆಯಿದ್ದರೆ ವಾಯುವನ್ನು ಕೊಡಬಹುದು.

ಅಲ್ಪವೆಚ್ಚದ ಮಾರ್ಗವು ಸಕ್ಕರೆಯನ್ನು ಹುಳಿಯಿಸುವುದು. ಎರಡು ಲೀಟರಿನ ಬಾಟಲಿನಲ್ಲಿ ಸುಮಾರು 200 ಗ್ರಾಂ ಸಕ್ಕರೆಯನ್ನು ಮುಕ್ಕಾಲು ಭಾಗ ನೀರಿನಲ್ಲಿ ಕರಗಿಸಿ, ಬ್ರೆಡ್ಡಿಗೆ ಹಾಕುವ ಯೀಸ್ಟನ್ನು ಕಾಲು ಚಮಚ ಸೇರಿಸಿದರೆ, ಹೆಂಡವು ನೊರೆಯುವ ರೀತಿಯಲ್ಲಿಯೇ ಎರಡು ಮೂರು ವಾರ ವಾಯುವು ಹೊರಡುವುದು. ಲೆಕ್ಕದಂತೆ 100 ಗ್ರಾಂ ಸಕ್ಕರೆಯು ಪೂರ್ತಿಯಾಗಿ ಹುಳಿತರೆ ಸುಮಾರು 51 ಗ್ರಾಂ ವಾಯು ಹುಟ್ಟಬೇಕು. ಅನುಭವದಲ್ಲಿ ಅಷ್ಟು ದೊರೆಯುವುದಿಲ್ಲ. ನೊರೆಯು ಕೊಳವೆಯಲ್ಲಿ ಏರಿ ತೊಟ್ಟಿಗೆ ಇಳಿಯದಂತೆ ನಡುವೆ ಒಂದು ಖಾಲಿ ಬಾಟಲನ್ನು ಜೋಡಿಸತಕ್ಕದ್ದು. ಬಾಟಲಿನ ಬಾಯಿಯನ್ನು ಎಂದಿಗೂ ಪೂರ್ತಿಯಾಗಿ ಮುಚ್ಚಕೂಡದು, ಒತ್ತಡದಿಂದ ಸಿಡಿಯುವುದು. ಈ ಕ್ರಮದ ದೋಷವೇನೆಂದರೆ, ರಾತ್ರಿಯಲ್ಲಿ ನಿಲ್ಲೆಂದರೆ ಅದು ನಿಲ್ಲುವುದಿಲ್ಲ. ನಿಂಬೆಹುಳಿಯ ಉಪ್ಪನ್ನೂ ಅಡಿಗೆಸೋಡವನ್ನೂ ಬೆರೆಸಿ ವಾಯುವನ್ನು ತೆಗೆಯುವ ಉಪಕರಣಗಳು ಸಕ್ಕರೆಗಿಂತ ಮೇಲು. ಸಿಲಿಂಡರು ಬೆಲೆಯುಳ್ಳದ್ದಾದರೂ, ಗುಳ್ಳೆಗಳನ್ನು ಎಣಿಸಿ ಕೊಡಲೂ ಗಡಿಯಾರಕ್ಕೆ ಜೋಡಿಸಿ ನಿಲ್ಲಿಸಲೂ ಅದರಲ್ಲೇ ಅನುಕೂಲ.

ಬೇಕಾದ ಮೊತ್ತವಾದರೋ ಅತ್ಯಲ್ಪ. ಲೀಟರಿಗೆ 20ರಿಂದ 30 ಮಿಲಿಗ್ರಾಂ ಇದ್ದರೆ ಗಿಡಗಳಿಗೆ ಯಥೇಷ್ಟ. ನೂರು ಲೀಟರಿನ ತೊಟ್ಟಿಗೆ ಇದು ಎರಡೂವರೆ ಗ್ರಾಮಿನಷ್ಟಾಗುವುದು. ಎರಡು ಸೆಕೆಂಡಿಗೆ ಒಂದು ಗುಳ್ಳೆಯಂತೆ ಪ್ರಾರಂಭಿಸಿ, ಹಲವು ದಿವಸಗಳಲ್ಲಿ ಮೆಲ್ಲಗೆ ಹೆಚ್ಚಿಸತಕ್ಕದ್ದು. ಗುಳ್ಳೆಗಳು ದೊಡ್ಡವಾಗಿದ್ದರೆ ಮೇಲೆ ಬಂದು ಒಡೆದುಹೋಗುವುವು. ಆದುದರಿಂದ ಅವನ್ನು ಮಂಜಿನಂತೆ ಒಡೆಯುವ ಪಿಂಗಾಣಿಬಿಲ್ಲೆಯ ಮೂಲಕ ಬಿಟ್ಟು, ನೀರು ತೊಟ್ಟಿಯ ಮೂಲೆಮೂಲೆಗೂ ಸುತ್ತುವಂತೆ ಮಾಡಬೇಕು. ಅಳತೆಗೆ ಸುಲಭ ಸಾಧನವೊಂದುಂಟು. ನಾಲ್ಕು ಜರ್ಮನ್ ಡಿಗ್ರಿ ಕಾರ್ಬೊನೇಟು ಗಡಸುತನವುಳ್ಳ ನೀರಿಗೆ ಬ್ರೋಮೊಥೈಮಾಲ್ ನೀಲಿ ಎಂಬ ಬಣ್ಣವನ್ನು ಸೇರಿಸಿದ ಚಿಕ್ಕ ಗಾಜಿನ ಬುಡ್ಡಿಯನ್ನು ತೊಟ್ಟಿಯಲ್ಲಿ ತೂಗಬಿಡುವರು. ನೀಲಿಯಿದ್ದರೆ ವಾಯುವು ಕಡಮೆ, ತಿಳಿಹಸಿರಾದರೆ 30 ಮಿಲಿಗ್ರಾಮಿನ ಸುಮಾರು, ಹಳದಿಯಾದರೆ ಅಪಾಯ. ಬಣ್ಣವು ತಿರುಗುವುದಕ್ಕೆ ಒಂದೆರಡು ಗಂಟೆ ಹಿಡಿಯುವುದರಿಂದ, ಬುಡ್ಡಿಯನ್ನು ನೋಡುತ್ತಾ ತಿರುಪನ್ನು ಪದೇ ಪದೇ ತಿರುಗಿಸಬಾರದು.

ಇನ್ನು ಮೀನುಗಳ ಮಾತು. ಹಗಲಿನಲ್ಲಿ ಗಿಡಗಳು ಇಂಗಾಲಾಮ್ಲವನ್ನು ತಿಂದು ಆಮ್ಲಜನಕವನ್ನು ಬಿಡುತ್ತವೆ. ದೀಪ ಆರಿದ ಮೇಲೆ ಗಿಡ, ಮೀನು, ತಳದ ಸೂಕ್ಷ್ಮಜೀವಿ ಎಲ್ಲವೂ ಸೇರಿ ಆಮ್ಲಜನಕವನ್ನು ಉಪಯೋಗಿಸಿ ಇಂಗಾಲಾಮ್ಲವನ್ನು ಬಿಡುತ್ತವೆ. ಇದರ ಮೇಲೆ ಸಿಲಿಂಡರಿನದೂ ಸೇರಿದರೆ ಮೀನು ತನ್ನ ರಕ್ತದಲ್ಲಿರುವ ವಾಯುವನ್ನು ಕಿವಿರುಗಳಿಂದ ಹೊರಹಾಕಲಾರದು. ರಕ್ತವು ಹುಳಿಯೇರಿ, ನೀರಿನಲ್ಲಿ ಆಮ್ಲಜನಕವು ಸಾಕಷ್ಟಿದ್ದರೂ ಅದನ್ನು ಹಿಡಿಯುವ ಶಕ್ತಿ ಕುಂದುವುದು. ಬೇಸಗೆಯ ಬೆಳಗಿನ ಜಾವದಲ್ಲಿ ಹಸಿರುಗಟ್ಟಿದ ಕೆರೆಯ ಕಾಟ್ಲ ರೋಹು ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದನ್ನು ನೋಡಿದವರಿಗೆ ಈ ಚಿಹ್ನೆಯು ಗೊತ್ತು. ಅಲ್ಲಿ ರಾತ್ರಿಯ ಉಸಿರಾಟದಿಂದ ಆಮ್ಲಜನಕವೇ ಮುಗಿದಿರುತ್ತದೆ. ಆದಕಾರಣ ದೀಪ ಹತ್ತುವುದಕ್ಕೆ ಒಂದೆರಡು ಗಂಟೆ ಮುಂಚಿತವಾಗಿ ವಾಯುವನ್ನು ಬಿಟ್ಟು, ದೀಪ ಆರುವುದಕ್ಕೆ ಒಂದು ಗಂಟೆ ಮುಂಚೆಯೇ ನಿಲ್ಲಿಸತಕ್ಕದ್ದು. ಸಕ್ಕರೆಯ ಬಾಟಲನ್ನು ಇಟ್ಟವರು ರಾತ್ರಿಯೆಲ್ಲಾ ಗಾಳಿಯ ಪಂಪನ್ನು ನಡೆಸಲೇಬೇಕು. ಮೀನುಗಳು ಮೇಲ್ಗಡೆ ಗುಂಪುಗೂಡಿ ಏದುತ್ತಿದ್ದರೆ ಬುಡ್ಡಿಯ ಬಣ್ಣ ಏನೇ ಇರಲಿ, ತಕ್ಷಣ ವಾಯುವನ್ನು ನಿಲ್ಲಿಸಿ ಪಂಪನ್ನು ಹಾಕಿ, ನೀರಿನ ಮೂರನೆಯ ಒಂದು ಪಾಲನ್ನು ಬದಲಾಯಿಸಬೇಕು. ನಲ್ಲಿಯ ನೀರಾದರೆ ಕ್ಲೋರಿನನ್ನು ಕಳೆದು ಹಾಕಬೇಕು.

ದ್ರವರೂಪದ ಇಂಗಾಲವೆಂದು ಸೀಸೆಗಳಲ್ಲಿ ಮಾರುವ ಔಷಧಗಳಲ್ಲಿ ಅನೇಕವು, ಆಸ್ಪತ್ರೆಗಳಲ್ಲಿ ಉಪಕರಣಗಳ ಶುದ್ಧಿಗೆ ಬಳಸುವ ಗ್ಲುಟರಾಲ್ಡಿಹೈಡಿನ ದ್ರಾವಣಗಳು. ಪಾಚಿಯನ್ನು ಕೊಲ್ಲುವುದು ನಿಜ, ವ್ಯಾಲಿಸ್ನೇರಿಯವನ್ನೂ ಕೆಡಿಸಬಹುದು. ಮಕ್ಕಳಿರುವ ಮನೆಗೆ ಅದನ್ನು ನಾನು ಸಲಹೆ ಮಾಡುವುದಿಲ್ಲ.

ಸಿಲಿಂಡರಿನೊಳಗೆ ವಾಯುವು ದ್ರವವಾಗಿದ್ದು, ಅದರ ಒತ್ತಡವು ನಮ್ಮ ಸುತ್ತಣ ಗಾಳಿಯ ಒತ್ತಡಕ್ಕೆ ಅರುವತ್ತು ಪಾಲಿಗಿಂತಲೂ ಹೆಚ್ಚು. ಅದನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಬಿಗಿದು, ಬಿಸಿಲು ಒಲೆಗಳಿಂದ ದೂರವಾಗಿ, ಗಾಳಿಯಾಡುವ ಕೊಠಡಿಯಲ್ಲಿಡತಕ್ಕದ್ದು. ಕಿಟಕಿಯಿಲ್ಲದ ಉಗ್ರಾಣದಲ್ಲಿ ಸೋರಿದರೆ ಹಗೇವಿನ ಗತಿಯೇ ಆದೀತು. ಒಳಗೆ ಎಷ್ಟು ಉಳಿದಿದೆಯೆಂಬುದನ್ನು ಒತ್ತಡದ ಮುಳ್ಳು ಹೇಳಲಾರದು. ದ್ರವವು ಮುಗಿಯುವವರೆಗೂ ಮುಳ್ಳು ಒಂದೇ ಕಡೆ ನಿಂತಿದ್ದು, ಆಮೇಲೆ ಇಳಿಯುವುದು. ಅಗ್ಗದ ತಿರುಪುಗಳಾದರೆ ಆ ಸಮಯದಲ್ಲಿಯೇ ಸಡಿಲವಾಗಿ ಉಳಿದ ವಾಯುವನ್ನೆಲ್ಲಾ ಒಮ್ಮೆಗೇ ತೊಟ್ಟಿಗೆ ಬಿಟ್ಟುಬಿಡುವುದುಂಟು. ಮೊದಲು ಹೇಳಿದ ಬೆಳಗಿನ ಸಾವುಗಳಿಗೆ ಇದೂ ಒಂದು ಕಾರಣ. ಖಾಲಿ ಸಿಲಿಂಡರಿನ ತೂಕವು ಅದರ ಮೇಲೆಯೇ ಕೆತ್ತಿರುವುದರಿಂದ, ಹದಿನೈದು ದಿವಸಗಳಿಗೊಮ್ಮೆ ಧಾನ್ಯದ ತಕ್ಕಡಿಯಲ್ಲಿ ತೂಗಿ, ತಿರುಪು ಮುಂತಾದುವುಗಳ ತೂಕವನ್ನು ಕಳೆದು, ದ್ರವವು ತೀರುವುದಕ್ಕೆ ಮುಂಚೆಯೇ ತುಂಬಿಸಲು ಕಳುಹಿಸತಕ್ಕದ್ದು.