ಶಾರ್ಕ್ ಮೀನು ತಿಂದರೆ ಜೈಲಾ? ಫಾರ್ವರ್ಡ್ ಹೇಳದ ಇನ್ನರ್ಧ ಸತ್ಯ

'ಶಾರ್ಕ್ ಹಿಡಿದರೂ ತಿಂದರೂ ಜೈಲು, ಎಲ್ಲರಿಗೂ ಶೇರ್ ಮಾಡಿ' ಎಂಬಂಥ ಸಂದೇಶ ಬಂದರೆ ಅಫಜಲಪುರದ ಕರಜಗಿಯಲ್ಲಿ ಕೂತವರು ಯಾರನ್ನು ಕೇಳಬೇಕು? ಅಲ್ಲಿಂದ ಕಡಲು ದೂರ. ಹಾಗಾಗಿ ಕಾನೂನು ಏನನ್ನುತ್ತದೆ ಎಂದು ನಾವು ನೋಡೋಣ.

ಯಾವುದು ಅಪರಾಧ?
ತಿಮಿಂಗಿಲ ಶಾರ್ಕ್, ಗಂಗಾ ಶಾರ್ಕ್, ಪಾಂಡಿಚೇರಿ ಶಾರ್ಕ್ ಮತ್ತು ಗರಗಸ ಮೀನು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಇವುಗಳನ್ನು ಹಿಡಿದು ಮಾರಿದರೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯಲ್ಲಿ ಇನ್ನಷ್ಟು ಜಾತಿಗಳು ಸೇರಿವೆ. ಶಾರ್ಕ್ ರೆಕ್ಕೆಯ ರಫ್ತಿಗೂ 2015ರಿಂದ ನಿಷೇಧವಿದೆ.

ಯಾವುದು ಅಪರಾಧವಲ್ಲ?
ಮಿಲ್ಕ್ ಶಾರ್ಕ್, ಸ್ಪೇಡ್‌ನೋಸ್ ಶಾರ್ಕ್‌ನಂಥ ಸಣ್ಣ ಜಾತಿಗಳನ್ನು ಹಿಡಿಯಬಹುದು, ತಿನ್ನಬಹುದು. ಕರಾವಳಿಯಲ್ಲಿ ಬೇರೆ ಮೀನುಗಳ ಜೊತೆ ಇವೂ ಬಲೆಗೆ ಬೀಳುತ್ತವೆ.

ಹಾಗಾದರೆ ಚಿಂತೆ ಏಕೆ?
ಬಂಗುಡೆ ಸಾವಿರಾರು ಮೊಟ್ಟೆ ಇಡುತ್ತದೆ. ಹೆಚ್ಚಿನ ಶಾರ್ಕ್‌ಗಳು ನಿಧಾನವಾಗಿ ಬೆಳೆದು ಕೆಲವೇ ಮರಿ ಹಾಕುತ್ತವೆ. ಹಿಡಿದಷ್ಟು ವೇಗದಲ್ಲಿ ಅವು ಹುಟ್ಟುವುದಿಲ್ಲ. 1970ರಿಂದೀಚೆಗೆ ಜಗತ್ತಿನ ತೆರೆದ ಸಾಗರದ ಶಾರ್ಕ್ ಮತ್ತು ರೇ ಮೀನುಗಳು ಶೇ 71ರಷ್ಟು ಕಡಿಮೆಯಾಗಿವೆ ಎಂದು 2021ರ ಅಧ್ಯಯನವೊಂದು ಹೇಳಿದೆ. ಮುಖ್ಯ ಕಾರಣ ಅತಿಯಾದ ಮೀನುಗಾರಿಕೆ.

ಆರೋಗ್ಯದ ಮಾತು
ದೊಡ್ಡ ಶಾರ್ಕ್‌ಗಳ ಮಾಂಸದಲ್ಲಿ ಪಾದರಸ ಹೆಚ್ಚು ಸೇರಿರುತ್ತದೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಚಿಕ್ಕ ಮಕ್ಕಳು ತಿನ್ನದಿರುವುದೇ ಒಳ್ಳೆಯದು.

ನಮ್ಮ ತೀರ್ಮಾನ: ಸಂದೇಶ ಅರ್ಧ ಸತ್ಯ. ಎಲ್ಲ ಶಾರ್ಕ್‌ಗೂ ನಿಷೇಧವಿಲ್ಲ, ಎಲ್ಲಕ್ಕೂ ಅನುಮತಿಯೂ ಇಲ್ಲ. ಕೊಳ್ಳುವ ಮುನ್ನ ಯಾವ ಜಾತಿ ಎಂದು ಕೇಳಿ. ಫಾರ್ವರ್ಡ್ ಮಾಡುವುದಾದರೆ ಪೂರ್ತಿ ವಿಷಯ ಮಾಡಿ.