ಲೇಔಟ್ ಕಲ್ಲು ನೆಡುವ ಮುನ್ನ ಹಳೆಯ ಎಲ್ಲೆಕಲ್ಲು ನೋಡಿ

ಹೊಲ ಎನ್.ಎ. ಆಯ್ತು, ನಾಳೆ ಜೆಸಿಬಿ ಬರುತ್ತೆ ಅಂತಿಟ್ಟುಕೊಳ್ಳಿ. ಬದುವಿನಲ್ಲೊಂದು ಕಲ್ಲಿದೆ. ಅದರ ಮೇಲೆ ಲಿಂಗದ ಗುರುತು, ಅಕ್ಷರ ಒಂದೂ ಇಲ್ಲ. ಬರಹ ಇಲ್ಲವಲ್ಲ ಅಂತ ಅದನ್ನು ಪಕ್ಕಕ್ಕೆ ಉರುಳಿಸಿಬಿಡ್ತಾರೆ.

ಇದು ಲಿಂಗಮುದ್ರೆ ಕಲ್ಲು, ಅಂದರೆ ಶಿವಾಲಯಕ್ಕೆ ಬಿಟ್ಟ ಭೂಮಿಯ ಗಡಿ. ವೈಷ್ಣವ ದತ್ತಿಗೆ ವಾಮನಮುದ್ರೆ, ಬಸದಿಯ ಭೂಮಿಗೆ ಮುಕ್ಕೊಡೆ. ದಾನಶಾಸನ ಸಾಮಾನ್ಯವಾಗಿ ಗುಡಿಯ ಹತ್ತಿರ ಇರುತ್ತದೆ. ಇಷ್ಟು ಮತ್ತರು ಭೂಮಿ, ಮೂಡಲು ಹಳ್ಳ, ತೆಂಕಲು ಹೆಬ್ಬಟ್ಟೆ, ಬಡಗಲು ನಟ್ಟ ಕಲ್ಲು ಎಂದು ಎಲ್ಲೆ ಹೇಳುತ್ತದೆ. ಆ ನಟ್ಟ ಕಲ್ಲು ಹೊಲದಲ್ಲಿರುತ್ತೆ. ಅದನ್ನು ಸರಿಸಿದರೆ ಶಾಸನದ ಅರ್ಧ ಪಾಠ ಹೋದಂತೆ.

ರನ್ನ ಬೆಳಗಲಿಯ ಸುತ್ತಮುತ್ತ ಈ ಎಚ್ಚರ ಹೆಚ್ಚು ಬೇಕು. ಕ್ರಿ.ಶ. 949ರಲ್ಲಿ ಹುಟ್ಟಿದ ರನ್ನನ ಊರು ಬೆಳುಗಲಿ ನಾಡಿನ ಮುದುವೊಳಲು, ಇಂದಿನ ಮುಧೋಳ. ಸಾವಿರ ವರ್ಷದ ಹಿಂದೆಯೇ ಒಂದು ನಾಡಿಗೆ ಹೆಸರಾಗಿದ್ದ ಊರಿನ ಹೊಲಗಳಲ್ಲಿ ಹಳೆಯ ವಸತಿಯ ಕುರುಹು ಇರುವ ಸಾಧ್ಯತೆ ಸಹಜ.

ಮನೆ ಕಟ್ಟುವ ಮುನ್ನ ಭೂಮಿಯನ್ನು ಪರೀಕ್ಷಿಸುವುದು ಮೂರು ಹಂತದ ಕೆಲಸ.

ಮೊದಲು ಕಾಗದ. 'ದಕ್ಷಿಣ ಭಾರತ ಶಾಸನಗಳು' ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳು (11, 15, 18, 20), ಗ್ರಾಮ ನಕ್ಷೆ, ಸರ್ವೆ ದಾಖಲೆ ನೋಡಬೇಕು. ಹೊಲದ ಹೆಸರನ್ನು ಹಿರಿಯರಲ್ಲಿ ಕೇಳಬೇಕು. 'ಹಾಳೂರು', 'ಗುಡಿಹೊಲ' ಎಂಬ ಹೆಸರೇ ಅರ್ಧ ಸುಳಿವು.

ಆಮೇಲೆ ನಡಿಗೆ. ಉಳುಮೆ ಮುಗಿದು ಬೆಳೆ ಏಳುವ ಮುನ್ನ ಸಾಲು ಹಿಡಿದು ನಡೆದರೆ ಮಡಕೆ ಚೂರು, ಇಟ್ಟಿಗೆ, ಬೂದಿಮಣ್ಣು ಕಣ್ಣಿಗೆ ಬೀಳುತ್ತವೆ. ಆದರೆ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತೆ, ಚೂರುಗಳು ಮೇಲೆ ಕೆಳಗೆ ಆಗುತ್ತವೆ. ಹಾಗಾಗಿ ಮೇಲ್ಮೈ ಚೂರಿನಿಂದಲೇ ಕಾಲ ಹೇಳಬಾರದು.

ಕೊನೆಗೆ ಪರೀಕ್ಷಾ ಗುಂಡಿ. ಇದು ಇಲಾಖೆಯ ಅನುಮತಿ ಪಡೆದ ತಜ್ಞರ ಕೆಲಸ. ನಾವು ಗುದ್ದಲಿ ಹಿಡಿಯಬಾರದು.

ಇಂಗ್ಲೆಂಡಿನಲ್ಲಿ 1990ರಿಂದ ಇಂಥ ಪರೀಕ್ಷೆ ಕಟ್ಟಡದ ಪರವಾನಗಿಯ ಭಾಗ. ನಮ್ಮಲ್ಲಿ 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಸ್ಮಾರಕದಿಂದ ದೂರದ ಸಾಮಾನ್ಯ ಹೊಲಕ್ಕೆ ಇಂಥ ರಕ್ಷಣೆ ಇಲ್ಲ.

2026ರ ಜನವರಿಯಲ್ಲಿ ಲಕ್ಕುಂಡಿಯಲ್ಲಿ ಮನೆಯ ಪಾಯ ತೋಡುವಾಗ ತಾಮ್ರದ ಪಾತ್ರೆಯಲ್ಲಿ ಚಿನ್ನದ ಒಡವೆ ಸಿಕ್ಕವು. ರನ್ನನನ್ನು ಪೋಷಿಸಿದ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರದು. ಚಿನ್ನ ಸಿಕ್ಕಿದ್ದಕ್ಕೆ ಸುದ್ದಿಯಾಯ್ತು. ಮಡಕೆ ಚೂರು, ಮುದ್ರೆಕಲ್ಲು ಸಿಕ್ಕ ಎಷ್ಟೋ ಪಾಯಗಳು ಸದ್ದಿಲ್ಲದೆ ಮುಚ್ಚಿಹೋಗುತ್ತವೆ.

ನಿಮ್ಮೂರಲ್ಲಿ ಹೊಲವೊಂದು ಲೇಔಟ್ ಆಗುತ್ತಿದೆಯೇ? ಕಲ್ಲನ್ನು ಅಲುಗಿಸದೆ ನಾಲ್ಕೂ ಬದಿಯ ಫೋಟೊ ತೆಗೆಯಿರಿ. ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಬರೆದುಕೊಳ್ಳಿ. ಮೊಬೈಲಿನಲ್ಲಿ ಜಿಪಿಎಸ್ ಗುರುತು, ಜೊತೆಗೆ ಸರ್ವೆ ನಂಬರ್ ಸೇರಿಸಿ ಪುರಾತತ್ವ ಇಲಾಖೆಗೂ ಪಂಚಾಯಿತಿಗೂ ಕೊಡಿ. ಲೇಔಟಿನಲ್ಲಿ ಹೇಗೂ ಉದ್ಯಾನಕ್ಕೆ ಜಾಗ ಬಿಡಲೇಬೇಕು. ಕಲ್ಲಿರುವ ಮೂಲೆಯನ್ನೇ ಅದಕ್ಕೆ ಬಿಟ್ಟರೆ ಯಾರ ಸೈಟೂ ಹೋಗಲ್ಲ, ಶಾಸನದ ಎಲ್ಲೆಯೂ ಉಳಿಯುತ್ತೆ.